ಗ್ರಾಮ ಪಂಚಾಯಿತಿಗೆ ನಿಲ್ಲುವುದಾದರೆ: ಊರಿನ ದುಡ್ಡು ಊರಲ್ಲೇ ಸುತ್ತಲು ಸದಸ್ಯರ ಕೈಲಿ ಏನಿದೆ, ಏನಿಲ್ಲ?

ಹೊಲದಬದು:
ಗ್ರಾಮ ಪಂಚಾಯಿತಿಗೆ ನಿಲ್ಲಬೇಕು ಅಂತಿರುವ ಐದಾರು ಜನರ ಪರವಾಗಿ ಕೇಳ್ತಿದ್ದೇನೆ. ಸಿಸಿ ರಸ್ತೆ, ಚರಂಡಿ ಹೇಳಿ ಓಟು ಕೇಳೋದು ಎಲ್ಲರೂ ಮಾಡ್ತಾರೆ. ವಾರದ ಸಂತೆ, ಕೆರೆ, ಸಂಜೀವಿನಿ ಅನ್ನೋ ಮಹಿಳಾ ಸ್ವಸಹಾಯ ಸಂಘಗಳು, ಒಂದು ಗಾಣ ಅಥವಾ ಸಿರಿಧಾನ್ಯ ಹಸನು ಮಾಡೋ ಯಂತ್ರ, ಇಂಥವುಗಳಿಂದ ಊರಲ್ಲೇ ಕೆಲವು ಮನೆಗಳಿಗೆ ವರ್ಷವಿಡೀ ದುಡಿಮೆ ಸಿಗೋ ಹಾಗೆ ಪಂಚಾಯಿತಿ ಮೂಲಕ ಮಾಡೋಕೆ ಆಗುತ್ತಾ? ನಾಮಪತ್ರಕ್ಕೆ ಮೊದಲು ಏನು ಸಿದ್ಧ ಇರಬೇಕು, ಗೆದ್ದ ಮೇಲೆ ಮೊದಲ ವರ್ಷ ಎಲ್ಲಿಗೆ ಕೈ ಹಾಕಬೇಕು, ಎಲ್ಲಿ ಕೆಡುತ್ತೆ, ಬಲ್ಲವರು ಬಿಡಿಸಿ ಹೇಳಿ.

ಅರಳಿಕಟ್ಟೆ:
ಮೊದಲು ನಾಮಪತ್ರದ ವಿಷಯ ಮುಗಿಸೋಣ.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ರಾಜ್ಯ ಚುನಾವಣಾ ಆಯೋಗದ ಪಟ್ಟಿಯಿಂದ ಮುಕ್ತ ಚಿಹ್ನೆ ಕೊಡುತ್ತಾರೆ. ವಯಸ್ಸು 21 ತುಂಬಿರಬೇಕು, ಅದೇ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಸೂಚಕರು ನೀವು ನಿಲ್ಲುವ ವಾರ್ಡಿನ ಮತದಾರರೇ ಆಗಿರಬೇಕು. ಪಕ್ಕದ ವಾರ್ಡಿನ ನೆಂಟರಿಂದ ಸಹಿ ಹಾಕಿಸಿಕೊಂಡು ಪರಿಶೀಲನೆಯ ದಿನ ತಲೆ ಮೇಲೆ ಕೈ ಹೊತ್ತು ಕೂರುವವರು ಪ್ರತಿ ಚುನಾವಣೆಯಲ್ಲೂ ಇರುತ್ತಾರೆ.

1993ರ ಪಂಚಾಯತ್ ರಾಜ್ ಅಧಿನಿಯಮದ 12ನೇ ಪ್ರಕರಣವನ್ನು ಒಮ್ಮೆ ಪೂರ್ತಿ ಓದಿ. ಪಂಚಾಯಿತಿ ಕಾಮಗಾರಿಯಲ್ಲಿ ನೇರವಾಗಿಯೋ ಮರೆಯಲ್ಲಿಯೋ ಪಾಲಿದ್ದರೆ ಅನರ್ಹತೆ. ಮನೆಯಲ್ಲಿ ಶೌಚಾಲಯ ಇರಬೇಕೆಂಬ ಷರತ್ತೂ ಅಲ್ಲೇ ಇದೆ. ಮನೆ ಕಂದಾಯ, ನೀರಿನ ಕರ ಎಲ್ಲ ಕಟ್ಟಿ ಬಾಕಿ ಇಲ್ಲವೆಂಬ ಪತ್ರ ತೆಗೆದಿಟ್ಟುಕೊಳ್ಳಿ. ಬಾಕಿ ಇರುವವರು ಗೆದ್ದ ಮೇಲೆ ತೆರಿಗೆ ವಸೂಲಿಯ ಮಾತಾಡಿದರೆ ಯಾರೂ ಕಿವಿಗೊಡಲ್ಲ. ಮೀಸಲು ಸ್ಥಾನಕ್ಕೆ ನಿಲ್ಲುವವರು ಜಾತಿ ಪ್ರಮಾಣಪತ್ರಕ್ಕೆ ಅಧಿಸೂಚನೆ ಬರುವವರೆಗೆ ಕಾಯಬೇಡಿ. ಆ ವಾರ ನಾಡಕಚೇರಿಯಲ್ಲಿ ಸಾಲು ಕರಗುವುದಿಲ್ಲ.

ಇನ್ನು ವಾರ್ಡಿನ ಲೆಕ್ಕ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಆದರೆ ಒಂದೇ ವಾರ್ಡಿನಲ್ಲಿ ಎರಡು, ಮೂರು ಸ್ಥಾನ ಇರುವುದು ಸಾಮಾನ್ಯ. ಮೂರು ಸ್ಥಾನ ಇದ್ದರೆ ಮತದಾರರಿಗೆ ಮೂರು ಓಟು, ಒಬ್ಬ ಅಭ್ಯರ್ಥಿಗೆ ಒಂದೇ. 1,100 ಮತದಾರರ ಪೈಕಿ 880 ಜನ ಬಂದರೆ ಹೆಚ್ಚೆಂದರೆ 2,640 ಓಟು. ಹನ್ನೆರಡು ಜನ ಕಣದಲ್ಲಿದ್ದರೆ ಈ ಓಟು ಹೇಗೆ ಚದುರುತ್ತವೆ ಅನ್ನೋದರಲ್ಲೇ ಗೆಲುವು ಇದೆ. ಹಾಗಾಗಿ ಒಬ್ಬರೇ ನಿಲ್ಲಬೇಡಿ. ಮೂರು ಸ್ಥಾನಕ್ಕೆ ಮೂವರು, ಮೀಸಲಾತಿಗೆ ತಕ್ಕಂತೆ, ಒಂದೇ ಕರಪತ್ರ ಹಿಡಿದು ನಿಲ್ಲಿ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಇರುವುದರಿಂದ ಗುಂಪಿನಲ್ಲಿ ಹೆಣ್ಣುಮಕ್ಕಳಿಲ್ಲದಿದ್ದರೆ ಬಹುಮತದ ಆಸೆಯನ್ನೇ ಬಿಡಬೇಕು.

ಮತಚೀಟಿ ಇರುವಲ್ಲಿ (2020ರ ಡಿಸೆಂಬರಿನಲ್ಲಿ ಬೀದರ್ ಬಿಟ್ಟು ಉಳಿದೆಡೆ ಚೀಟಿಯೇ ಇತ್ತು) ಸ್ಥಾನಗಳಿಗಿಂತ ಹೆಚ್ಚು ಮುದ್ರೆ ಒತ್ತಿದರೆ ಆ ಚೀಟಿ ತಿರಸ್ಕೃತ. ಸಹಿ, ಹೆಬ್ಬೆಟ್ಟು ಹಾಕಿದರೂ ಅಷ್ಟೇ. ಹತ್ತು ಹದಿನೈದು ಓಟಿನಲ್ಲಿ ಸೋಲು ಗೆಲುವು ತೀರ್ಮಾನವಾಗುವ ಕಡೆ ಇದನ್ನು ಮನೆಮನೆಗೆ ಹೋಗಿ ಮಾದರಿ ಚೀಟಿ ತೋರಿಸಿ ಹೇಳಬೇಕು.

ತುಂಗಭದ್ರಾ_ಎಡದಂಡೆ:
ಇನ್ನೊಂದು ಮಾತ ಸೇರಸ್ರಿ. ನಮ್ಮ ಕಡೆ ಊರ ಹಿರೇರು ಕೂಡಿ ಸೀಟು ಹರಾಜು ಹಾಕೂ ರೂಢಿ ಅದ. ಗುಡಿಗೆ ಇಷ್ಟು ಲಕ್ಷ ಕೊಟ್ಟವ್ರು ಅವಿರೋಧ ಅಂತ. ಇದು ಅಪರಾಧ. 2020ರಾಗ ಆಯೋಗ ಇಂಥಾವ್ರ ಮ್ಯಾಲೆ ಕ್ರಮ ತಗೋರಿ ಅಂತ ಹೇಳಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಬೀಳೂದು ಆಮ್ಯಾಲೆ. ಐದು ಲಕ್ಷ ಕೊಟ್ಟು ಕುಂತಾವ ಅದನ್ನ ಎಲ್ಲಿಂದ ತೆಗೀತಾನ? ತಿಂಗಳ ಗೌರವಧನ ಸದಸ್ಯರಿಗೆ ಎರಡು ಸಾವಿರ. ಉಳಿದದ್ದು ಬಿಲ್ಲಿನ್ಯಾಗ ತೆಗೀಬೇಕು. ಅಂಥಾ ಪಂಚಾಯ್ತಿಯೊಳಗ ಸಂತಿ, ಕೆರಿ ಅಂತ ಏನ ಮಾತಾಡಿದ್ರೂ ನಡಿಯೂದಿಲ್ಲ. ಜಗಳ ಇಲ್ದ ಒಮ್ಮತ ಆಗೂದು ಬ್ಯಾರೆ, ರೊಕ್ಕ ಎಣಿಸಿ ಒಮ್ಮತ ಮಾಡೂದು ಬ್ಯಾರೆ.

ಡಿಸಿಬಿ_ವಹಿ:
ಸದಸ್ಯರಿಗೆ ಕೆಲಸ ಮಾಡಿಸುವ ಅಧಿಕಾರ ಇದೆ ಅನ್ನುವುದು ಅರ್ಧ ಸತ್ಯ. ಇರುವುದು ನಿರ್ಣಯಕ್ಕೆ ಕೈ ಎತ್ತುವ ಅಧಿಕಾರ. ಚೆಕ್ಕು, ಡಿಜಿಟಲ್ ಸಹಿ ಅಧ್ಯಕ್ಷರು ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ. ಆದ್ದರಿಂದ ಪ್ರಶ್ನೆ ಹೀಗಿರಬೇಕು: ಯಾವ ಹಣದ ಮೇಲೆ ನಿಮ್ಮ ನಿರ್ಣಯ ನಿಜಕ್ಕೂ ನಡೆಯುತ್ತದೆ?

15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ 60 ಕಟ್ಟಿಹಾಕಿದ ಹಣವಾಗಿತ್ತು, ಅರ್ಧ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40ರಿಂದಲೂ ಸಂಬಳ ಕೊಡುವಂತಿರಲಿಲ್ಲ. ರಾಜ್ಯ ಸರ್ಕಾರ ಕೊಡುವ ಶಾಸನಬದ್ಧ ಅನುದಾನ ವಿದ್ಯುತ್ ಬಿಲ್ಲು, ಸಿಬ್ಬಂದಿ ವೇತನಕ್ಕೇ ಸಾಲದು. ಉದ್ಯೋಗ ಖಾತ್ರಿಯ ಹಣ ಕಾಮಗಾರಿಯ ಪಟ್ಟಿಗೆ ಬದ್ಧ. ಕೊನೆಗೆ ಉಳಿಯುವುದು ಸ್ವಂತ ಸಂಪನ್ಮೂಲ, ಅಂದರೆ ಮನೆ ಕಂದಾಯ, ನೀರಿನ ಕರ, ಸಂತೆ ಸುಂಕ, ಅಂಗಡಿ ಬಾಡಿಗೆ, ಪರವಾನಗಿ ಶುಲ್ಕ, ಜಾಹೀರಾತು ಫಲಕ, ಮೊಬೈಲ್ ಟವರು. ಊರಿನ ದುಡಿಮೆಗೆ ನೀವು ಬಳಸಬಹುದಾದ ಹಣ ಇದೊಂದೇ. ಚುನಾವಣೆಗೆ ನಿಲ್ಲುವ ಮೊದಲೇ ಬೇಡಿಕೆ, ವಸೂಲಿ, ಬಾಕಿ ತಃಖ್ತೆಯನ್ನು ಮಾಹಿತಿ ಹಕ್ಕಿನಡಿ ಕೇಳಿ ತೆಗೆದುಕೊಳ್ಳಿ. ಮೂರು ವರ್ಷದ್ದು ಇರಲಿ.

ಅದನ್ನು ಓದುವಾಗ ಒಂದು ಎಚ್ಚರ. ಮನೆ ಕಂದಾಯದ ರಸೀದಿಯಲ್ಲಿ ಕಾಣುವ ಮೊತ್ತವೆಲ್ಲ ಪಂಚಾಯಿತಿಯದಲ್ಲ. ಆರೋಗ್ಯ ಶೇ 15, ಶಿಕ್ಷಣ ಶೇ 10, ಗ್ರಂಥಾಲಯ ಶೇ 6, ಭಿಕ್ಷುಕರ ಕರ ಶೇ 3, ಒಟ್ಟು ಶೇ 34 ಉಪಕರ. 1,000 ರೂಪಾಯಿ ಕಂದಾಯಕ್ಕೆ 1,340 ವಸೂಲಾದರೆ ಆ 340 ಬೇರೆಯವರ ದುಡ್ಡು. ಅದನ್ನು ಖರ್ಚು ಮಾಡಿ ಕೂತ ಪಂಚಾಯಿತಿಗಳಿಗೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಗ್ಯಾರಂಟಿ. ಉಳಿದ ಸ್ವಂತ ನಿಧಿಯಲ್ಲೂ ಸುಮಾರು ಕಾಲು ಭಾಗ ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 5 ವಿಕಲಚೇತನರಿಗೆ ಮೀಸಲು. ಈ ಪಾಲನ್ನು ಕಳೆಯುವ ಬಾಬ್ತು ಅಂತ ನೋಡಬೇಡಿ. ಕುರಿ ಸಾಕಣೆಗೋ ಹೊಲಿಗೆ ಯಂತ್ರಕ್ಕೋ ವೈಯಕ್ತಿಕ ನೆರವು ಕೊಡುವುದಿದ್ದರೆ ದಾರಿ ಇದೇ.

ಹೊಲದಬದು:
ಅಂದರೆ ಮೊದಲ ವರ್ಷ ತೆರಿಗೆ ಜಾಸ್ತಿ ಮಾಡಬೇಕು ಅಂತೀರಾ? ಓಟು ಕೊಟ್ಟವರು ಅಟ್ಟಿಸಿಕೊಂಡು ಬರ್ತಾರೆ!

ಡಿಸಿಬಿ_ವಹಿ:
ದರ ಏರಿಸಬೇಡಿ. ವಹಿಗೆ ಸೇರದೇ ಉಳಿದ ಆಸ್ತಿ ಸೇರಿಸಿ. ಹೆಂಚಿನ ಮನೆ ಇದ್ದದ್ದು ಎರಡಂತಸ್ತಿನ ಆರ್‌ಸಿಸಿ ಆಗಿರುತ್ತದೆ, ವಹಿಯಲ್ಲಿ ಇನ್ನೂ ಹೆಂಚೇ. ಹೆದ್ದಾರಿ ಬದಿಯ ಗೋದಾಮು, ಹೋಂಸ್ಟೇ, ಕಲ್ಯಾಣ ಮಂಟಪ, ಇಟ್ಟಿಗೆ ಭಟ್ಟಿ ವಹಿಯಲ್ಲೇ ಇರುವುದಿಲ್ಲ. 2025ರ ತಿದ್ದುಪಡಿಯ ನಂತರ 11ಬಿ ಖಾತೆಯ ಆಸ್ತಿಗಳನ್ನೂ (ಸರಿಯಾದ ಅನುಮೋದನೆ ಇಲ್ಲದವು) ತೆರಿಗೆಗೆ ತರಬಹುದು. ಎರಡು ತಿಂಗಳ ಆಸ್ತಿ ಸಮೀಕ್ಷೆ ಮಾಡಿಸಿ, ಸಂಜೀವಿನಿ ಸಂಘದ ಓದು ಬರಹ ಬಲ್ಲ ಹೆಣ್ಣುಮಕ್ಕಳಿಗೆ ಮನೆಗೆ ಇಷ್ಟು ಅಂತ ಸಂಭಾವನೆ ಕೊಟ್ಟು. ಪಟ್ಟಿಯನ್ನು ದೊಡ್ಡ ಕಟ್ಟಡದಿಂದ ಶುರು ಮಾಡಿ. ಗುಡಿಸಲಿನವರಿಗೆ ಮೊದಲು ನೋಟಿಸು ಕೊಟ್ಟರೆ ರಾಜಕೀಯ ಅಲ್ಲಿಗೇ ಮುಗಿಯುತ್ತದೆ.

ಮುಂಗಾರುಹನಿ:
ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಎರಡಂತಸ್ತಿನ ಮನೆಯವರು ಯಾರು? ಊರಿನ ಪಂಚಾಯ್ತಿ ನಡೆಸುವವರೇ. ಅವರಿಗೆ ಮೊದಲ ವರ್ಷವೇ ನೋಟಿಸು ಹೋದರೆ ನಿಮ್ಮ ಗುಂಪಿನ ಇಬ್ಬರು ಆ ಕಡೆ ಜಿಗಿಯುತ್ತಾರೆ. ಕಣ್ಣಿಗೆ ಕಾಣುವ ಉಳಿತಾಯ ಮೊದಲು ಮಾಡಿ ತೋರಿಸಿ, ತೆರಿಗೆಗೆ ಆಮೇಲೆ ಬನ್ನಿ.

ಬೀದಿದೀಪ ತಗೊಳ್ಳಿ. ಪ್ರತ್ಯೇಕ ತಂತಿ, ಸ್ವಿಚ್ಚು ಇಲ್ಲದ ಊರುಗಳಲ್ಲಿ ದೀಪ ಹಗಲೂ ಉರಿಯುತ್ತವೆ. 20 ವ್ಯಾಟಿನ 250 ಎಲ್‌ಇಡಿ ಅಂದರೆ 5 ಕಿಲೋವ್ಯಾಟ್. ಹಗಲು 11 ಗಂಟೆ ಉರಿದರೆ ದಿನಕ್ಕೆ 55 ಯೂನಿಟ್ ದಂಡ. ಯೂನಿಟ್ಟಿಗೆ 7 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 1.4 ಲಕ್ಷ. ಎಸ್ಕಾಂಗೆ (ವಿದ್ಯುತ್ ಸರಬರಾಜು ಕಂಪನಿ) ಅರ್ಜಿ ಕೊಟ್ಟು ಬೀದಿದೀಪದ ಫೇಸ್ ತಂತಿ ಎಳೆಸಿ, ಟ್ರಾನ್ಸ್‌ಫಾರ್ಮರ್ ಪ್ರಕಾರ ಟೈಮರ್ ಸ್ವಿಚ್ಚಿನ ಪೆಟ್ಟಿಗೆ ಹಾಕಿಸಬೇಕು. ಮೀಟರ್ ಇಲ್ಲದೇ ಅಂದಾಜು ಬಿಲ್ಲು ಬರುತ್ತಿದ್ದರೆ ಮೊದಲು ಮೀಟರ್, ಇಲ್ಲದಿದ್ದರೆ ಉಳಿಸಿದ ಯೂನಿಟ್ಟು ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ನೀರಿನ ಪಂಪೂ ಹಾಗೆಯೇ. 5 ಎಚ್‌ಪಿ ಮೋಟಾರು ಟ್ಯಾಂಕು ತುಂಬಿ ಹರಿದ ಮೇಲೆ ದಿನಕ್ಕೆ ಎರಡು ಗಂಟೆ ಹೆಚ್ಚು ಓಡಿದರೆ ವರ್ಷಕ್ಕೆ 2,700 ಯೂನಿಟ್ ಆಯಿತು. ಒಂದು ಫ್ಲೋಟ್ ಸ್ವಿಚ್ಚಿನ ಕೆಲಸ.

ಡಿಸಿಬಿ_ವಹಿ:
ಸರಿ, ಕ್ರಮ ಬದಲಾಯಿಸಲು ನನ್ನ ಅಡ್ಡಿಯಿಲ್ಲ. ಆದರೆ ಸಮೀಕ್ಷೆಯ ನಿರ್ಣಯವನ್ನು ಮೊದಲ ಆರು ತಿಂಗಳಲ್ಲೇ ಬರೆಸಿ. ಅಧ್ಯಕ್ಷರ ಅವಧಿ 30 ತಿಂಗಳು. ಮೀಸಲಾತಿ ಬದಲಾಗಿ ಹೊಸಬರು ಬಂದ ಮೇಲೆ ಯಾರೂ ಈ ಜೇನುಗೂಡಿಗೆ ಕೈ ಹಾಕುವುದಿಲ್ಲ.

ಕಡಲಮಗ್ಗುಲು:
ಕೆಲಸ ಸೃಷ್ಟಿ ಅಂತ ಕೇಳಿದ್ರಲ್ಲ, ಪಂಚಾಯತ್ ಕೈಯಲ್ಲಿ ನೇರವಾಗಿ ಇರುವುದು ಕಸ ಮಾರಾಯ್ರೆ. ಉಡುಪಿ ಜಿಲ್ಲೆಯ ವಂಡ್ಸೆಯಲ್ಲಿ ಗ್ರಾಮ ಪಂಚಾಯತ್ ಮಟ್ಟದಲ್ಲೇ ಘನ, ದ್ರವ ಸಂಪನ್ಮೂಲ ಘಟಕ ನಡೆಸಿ ತೋರಿಸಿದ್ದಾರೆ. ಕಾರ್ಕಳದ ನಿಟ್ಟೆಯಲ್ಲಿ ಹಲವು ಪಂಚಾಯತ್‌ಗಳ ಒಣಕಸ ಒಟ್ಟು ಸೇರಿಸಿ ಬೇರ್ಪಡಿಸುವ ಘಟಕ (ಎಂಆರ್‌ಎಫ್) ಇದೆ. ಸ್ವಚ್ಛ ಸಂಕೀರ್ಣವನ್ನು, ಅಂದರೆ ಪಂಚಾಯತ್‌ನ ಕಸ ಬೇರ್ಪಡಿಸುವ ಘಟಕವನ್ನು, ಸಂಜೀವಿನಿ ಸಂಘಗಳ ಒಕ್ಕೂಟಕ್ಕೆ ಒಪ್ಪಂದ ಮಾಡಿ ಕೊಡುವ ಕ್ರಮ ಈಗ ಬಹಳ ಕಡೆ ಬಂದಿದೆ. ಡ್ರೈವಿಂಗ್ ಕಲಿತ ಹೆಂಗಸರೇ ಗಾಡಿ ಓಡಿಸುತ್ತಾರೆ.

ಲೆಕ್ಕ ಹೀಗೆ ಹಾಕಿ. 1,200 ಮನೆ, ತಿಂಗಳಿಗೆ 30 ರೂಪಾಯಿ. ನೂರಕ್ಕೆ ಅರವತ್ತು ಮನೆ ಕೊಟ್ಟರೆ 21,600. ನಲವತ್ತು ಅಂಗಡಿ ನೂರರಂತೆ 4,000. ಮನೆಗೆ ದಿನಕ್ಕೆ 150 ಗ್ರಾಂ ಒಣಕಸ ಅಂದರೆ 26 ದಿನಕ್ಕೆ 4,680 ಕಿಲೋ. ಅದರಲ್ಲಿ ಮೂರನೇ ಒಂದು ಪಾಲು ಮಾರಾಟಕ್ಕೆ ಬಂದು ಕಿಲೋಗೆ ಸರಾಸರಿ 6 ರೂಪಾಯಿ ಸಿಕ್ಕರೆ 9,360. ಒಟ್ಟು 34,960. ಖರ್ಚು: ಮೂರು ಜನರಿಗೆ 2025-26ರ ಉದ್ಯೋಗ ಖಾತ್ರಿ ಕೂಲಿ 370ರಂತೆ 26 ದಿನ ಕೊಟ್ಟರೂ 28,860, ಡೀಸೆಲ್ 6,000, ರಿಪೇರಿ 3,000. ಹತ್ತಿರ ಹತ್ತಿರ 3,000 ಕೊರತೆ. ಇದನ್ನು ಸ್ವಂತ ನಿಧಿಯಿಂದ ತುಂಬುವ ನಿರ್ಣಯ ಒಪ್ಪಂದದಲ್ಲೇ ಇರಬೇಕು. ಇಲ್ಲದಿದ್ದರೆ ಕೊರತೆ ಬೀಳುವುದು ಆ ಹೆಂಗಸರ ಸಂಬಳದ ಮೇಲೆ, ಆರು ತಿಂಗಳಲ್ಲಿ ಗಾಡಿ ಶೆಡ್ಡಿನಲ್ಲಿ.

ಕೆಡುವುದು ಎಲ್ಲಿ ಅಂದರೆ, ಶುಲ್ಕ ವಸೂಲಿಯನ್ನೂ ಅವರ ತಲೆಗೇ ಕಟ್ಟುವುದು. ಮನೆ ಬಾಗಿಲಲ್ಲಿ ಬೈಸಿಕೊಳ್ಳುವುದು ಅವರು. ಕಂದಾಯದ ರಸೀದಿಯ ಜೊತೆಗೇ ವರ್ಷದ 360 ಪಡೆಯುವುದು ಒಳ್ಳೆಯದು. ಮತ್ತೆ ಹಸಿಕಸ. ಹಳ್ಳಿಯಲ್ಲಿ ದನ, ತೋಟ ಇರುವ ಮನೆಯಿಂದ ಅದನ್ನು ಎತ್ತಲೇಬೇಡಿ, ಭಾರ ಹೆಚ್ಚಿ ಡೀಸೆಲ್ ದಂಡ. ಒಣಕಸ ವಾರಕ್ಕೆರಡು ಸಲ ಸಾಕು. ಹಾಲಿನ ಪ್ಯಾಕೆಟ್ ತೊಳೆದು ಕೊಡದಿದ್ದರೆ ಗುಜರಿಯವರು ಅರ್ಧ ದರ ಹೇಳುತ್ತಾರೆ, ಮಳೆಗಾಲದಲ್ಲಿ ಅದೂ ಇಲ್ಲ.

ಹೊಲದಬದು:
ಗಾಣದ ವಿಷಯ ಯಾರೂ ಹೇಳಲಿಲ್ಲ. ಪಂಚಾಯಿತಿಯೇ ಯಂತ್ರ ಕೊಂಡು ನಡೆಸಬಹುದಾ?

ಅರಳಿಕಟ್ಟೆ:
ಪಂಚಾಯಿತಿ ವ್ಯಾಪಾರ ಮಾಡಬಾರದು, ಜಾಗ ಮಾಡಿಕೊಡಬೇಕು. ಪಿಡಿಒ ವರ್ಗವಾದ ದಿನ ಗಾಣಕ್ಕೆ ಬೀಗ ಬೀಳುತ್ತದೆ. ಖಾಲಿ ಬಿದ್ದ ಪಂಚಾಯಿತಿ ಕಟ್ಟಡವನ್ನು ಒಕ್ಕೂಟಕ್ಕೋ ರೈತ ಉತ್ಪಾದಕ ಸಂಸ್ಥೆಗೋ ಕರಾರಿನ ಮೇಲೆ ಬಾಡಿಗೆಗೆ ಕೊಡಿ. ಯಂತ್ರ ಅವರದ್ದೇ ಇರಲಿ, ಸಾಲವೂ ಅವರದ್ದೇ.

ಜಾಗ ಆರಿಸುವಾಗ ವಿದ್ಯುತ್ ಮಾರ್ಗ ನೋಡಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ (ವಿದ್ಯುತ್ ಮಾರ್ಗ) ಬೇರೆ, ಪಂಪ್‌ಸೆಟ್ಟಿನ ಫೀಡರ್ ಬೇರೆ. ಊರಾಚೆ ಅಗ್ಗದ ಜಾಗ ಅಂತ ಪಂಪ್‌ಸೆಟ್ ಮಾರ್ಗದಲ್ಲಿ ಕಟ್ಟಿದರೆ ತ್ರೀಫೇಸ್ ಕೆಲವೇ ಗಂಟೆ, ಅದೂ ಒಂದು ವಾರ ಹಗಲು ಒಂದು ವಾರ ರಾತ್ರಿ. ಆಮೇಲೆ ಕಚ್ಚಾಮಾಲಿನ ಲೆಕ್ಕ. ಗಂಟೆಗೆ 10 ಕಿಲೋ ಅರೆಯುವ ಗಾಣ ದಿನಕ್ಕೆ ಆರು ಗಂಟೆ, ವರ್ಷಕ್ಕೆ 200 ದಿನ ಓಡಬೇಕಾದರೆ 12 ಟನ್ ಶೇಂಗಾ ಬೀಜ ಬೇಕು. ನಿಮ್ಮ ಪಂಚಾಯಿತಿಯಲ್ಲಿ ಅಷ್ಟು ಬೆಳೆಯುತ್ತದೆಯೇ, ಬೆಳೆದದ್ದು ಸುಗ್ಗಿಯಲ್ಲೇ ಮಂಡಿಗೆ ಹೋಗುತ್ತದೆಯೇ? ಹೋಗುವುದಾದರೆ ಗಾಣಕ್ಕಿಂತ ಮೊದಲು ಗೋದಾಮು, ಮತ್ತು ಖರೀದಿಗೆ ಒಕ್ಕೂಟದ ಸಮುದಾಯ ಬಂಡವಾಳ ಬೇಕು. ಯಂತ್ರ ಬಂದು ಮಾಲಿಲ್ಲದೆ ತುಕ್ಕು ಹಿಡಿಯುವುದು ಇದೇ ಕಾರಣಕ್ಕೆ.

ಗೋಮಾಳದಲ್ಲಿ ಘಟಕ ಕಟ್ಟಿಸಿಕೊಡ್ತೀವಿ ಅಂತ ಮಾತ್ರ ಭಾಷಣ ಮಾಡಬೇಡಿ. ಅದು ಕಂದಾಯ ಇಲಾಖೆಯ ಜಮೀನು, ಪಂಚಾಯಿತಿ ಮಂಜೂರು ಮಾಡಲು ಬರುವುದಿಲ್ಲ.

ತುಂಗಭದ್ರಾ_ಎಡದಂಡೆ:
ಸಂತಿ ಹರಾಜಿನ ಲೆಕ್ಕಾ ನಾ ಹೇಳ್ತೀನಿ. ವಾರಕ್ಕ 120 ಅಂಗಡಿ, 20 ರೂಪಾಯಿ, 52 ವಾರ. 1,24,800 ಆತು. ಇಬ್ಬರು ವಸೂಲಿ ಆಳು, ಸಂತಿಗೆ 500ರಂಗ, 52,000 ಖರ್ಚು. 60,000ದ ಆಸುಪಾಸು ಬಿಡ್ ಬರಬೇಕು. 25,000ಕ್ಕ ಹೋಗ್ಯಾದ ಅಂದ್ರ ಒಳಗ ಹೊಂದಾಣಿಕಿ ಆಗ್ಯಾದ. ಮೋಸ ಆಗೂದು ಎಲ್ಲಿ? ಹರಾಜಿನ ನೋಟಿಸು ಪಂಚಾಯ್ತಿ ಗ್ವಾಡಿಗೆ ಅಷ್ಟ ಹಚ್ತಾರ. ಸಂತಿ ದಿನ ಸಂತಿಯೊಳಗ ಡಂಗುರ ಹೊಡಸ್ರಿ, ಬಾಜೂ ಊರವ್ರೂ ಬರ್ತಾರ.

ಕರಾರಿನ್ಯಾಗ ಮೂರು ಮಾತು ಇರಲಿ. ಸುಂಕದ ದರದ ಬೋರ್ಡು, ಅಚ್ಚು ಹಾಕಿದ ನಂಬರಿನ ರಸೀದಿ, ತಲಿ ಮ್ಯಾಲಿನ ಬುಟ್ಟ್ಯಾಗ ಕಾಯಿಪಲ್ಲೆ ತರೂ ಅಜ್ಜಿಯರಿಗೆ ಸುಂಕ ಮಾಫಿ. ಕಡೀದು ಇಲ್ಲಂದ್ರ ಊರ ರೈತರು ಕಟ್ಟಿ ಬಿಟ್ಟು ರಸ್ತಾದ ಮ್ಯಾಲೆ ಕುಂದರ್ತಾರ, ಒಳಗ ಪ್ಯಾಟಿ ವ್ಯಾಪಾರಸ್ತರು ಅಷ್ಟ ಉಳೀತಾರ. ಬಿಡ್ಡಿನ ರೊಕ್ಕ ಒಂದ ಕಂತಿನ್ಯಾಗ ಮೊದಲ ಕಟ್ಟಸ್ಕೋರಿ. ಎರಡನೇ ಕಂತು ಯಾವತ್ತೂ ಬರೂದಿಲ್ಲ.

ಮುಂಗಾರುಹನಿ:
ಕೆರೆಯ ಮೀನು ಪಾಶುವಾರಿಗೂ (ಮೀನು ಹಿಡಿಯುವ ಗುತ್ತಿಗೆ) ಇದೇ ಮಾತು. ಮೊದಲು ಕೆರೆ ಯಾರದ್ದು ನೋಡಿ, ಸಣ್ಣ ನೀರಾವರಿ ಇಲಾಖೆಯದೋ ಪಂಚಾಯಿತಿಯದೋ. ಪಂಚಾಯಿತಿಯದ್ದಾದರೆ ತೂಬು ಎತ್ತುವ ಅಧಿಕಾರ ಗುತ್ತಿಗೆದಾರರಿಗೆ ಇಲ್ಲ ಅಂತ ಕರಾರಿನಲ್ಲಿ ಬರೆಯಿರಿ. ಬೇಸಿಗೆ ಮುಂಚೆ ಮೀನು ಹಿಡಿಯಲು ನೀರು ಬಿಟ್ಟು ಕೆರೆ ಒಣಗಿಸಿದರೆ ಸುತ್ತಲ ಕೊಳವೆಬಾವಿ, ದನಕರು ಎರಡಕ್ಕೂ ಕಷ್ಟ. ಗುತ್ತಿಗೆ ಹಣಕ್ಕಿಂತ ಆ ನಷ್ಟ ದೊಡ್ಡದು.

ಹೊಲದಬದು:
ಉದ್ಯೋಗ ಖಾತ್ರಿ ಈಗ ಏನಾಗಿದೆ? ಹೊಸ ಕಾಯ್ದೆ ಅಂತಿದ್ದಾರೆ.

ಡಿಸಿಬಿ_ವಹಿ:
2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆ ಒಪ್ಪಿತು. 100 ದಿನದ ಬದಲು 125 ದಿನ, ವೆಚ್ಚದಲ್ಲಿ ರಾಜ್ಯದ ಪಾಲು ಶೇ 40, ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ 60 ದಿನದವರೆಗೆ ಕೆಲಸ ನಿಲ್ಲಿಸುವ ಅವಕಾಶ. ಸದಸ್ಯರಾಗುವವರು ನೋಡಬೇಕಾದ್ದು ಈ ಬಿಡುವಿನ ತಿಂಗಳು ನಿಮ್ಮ ಬೆಳೆಗೆ ಹೊಂದುತ್ತದೆಯೇ ಅನ್ನೋದು. ಜಮೀನಿಲ್ಲದ ಮನೆಗಳಿಗೆ ಆ ಎರಡು ತಿಂಗಳು ಹೊಲದ ಕೂಲಿಯೂ ಸಿಗದಿದ್ದರೆ ಗುಳೆ ತಪ್ಪುವುದಿಲ್ಲ.

ಕಾಯ್ದೆ ಯಾವುದೇ ಇರಲಿ, ಕಾಮಗಾರಿ ವಾರ್ಷಿಕ ಯೋಜನೆಯಲ್ಲಿ ಇಲ್ಲದಿದ್ದರೆ ಇಲ್ಲ. ಯೋಜನೆಯ ಕೆಲಸ ಅಕ್ಟೋಬರ್ 2ರ ಹೊತ್ತಿಗೆ ಶುರುವಾಗುತ್ತದೆ. ಬಹಳ ಜನ ಸದಸ್ಯರು ಏಪ್ರಿಲ್‌ನಲ್ಲಿ ಎದ್ದು ನಮ್ಮ ವಾರ್ಡಿನ ಕೆಲಸ ಎಲ್ಲಿ ಅಂತ ಕೇಳುತ್ತಾರೆ. ವಾರ್ಡು ಸಭೆಯಲ್ಲಿ ಬೇಡಿಕೆ ಬರೆಸಿ, ಗ್ರಾಮಸಭೆಯಲ್ಲಿ ಅದು ಓದಿ ಒಪ್ಪಿಗೆಯಾಯಿತೇ ನೋಡಿ, ನಂತರ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಏರಿತೇ ಪರಿಶೀಲಿಸಿ. ಹೆಸರು ಬಿಟ್ಟುಹೋಗುವುದು ಕೊನೆಯ ಹೆಜ್ಜೆಯಲ್ಲಿ. ಕೂಸಿನ ಮನೆ (ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ) ಇರುವ ಪಂಚಾಯಿತಿಯಾದರೆ ಅದು ತೆರೆಯುವ ಹೊತ್ತು ಕೂಲಿಯ ಹೊತ್ತಿಗೆ ಹೊಂದುವಂತೆ ಮಾಡಿಸಿ. ಹತ್ತು ಗಂಟೆಗೆ ತೆರೆದರೆ ಏಳಕ್ಕೆ ಹೊಲಕ್ಕೆ ಹೋಗುವ ತಾಯಿಗೆ ಅದು ಉಪಯೋಗಕ್ಕೆ ಬರಲ್ಲ.

ಕಡಲಮಗ್ಗುಲು:
ಗೆದ್ದವರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ತರಬೇತಿ ಇರುತ್ತದೆ. ಮಹಿಳಾ ಸದಸ್ಯರ ಬದಲು ಗಂಡಂದಿರು ಹೋಗಿ ಕೂರುವುದು ಬೇಡ. ಸಭೆಯಲ್ಲಿ ಕೈ ಎತ್ತುವವರು ಅವರು, ಲೆಕ್ಕ ಗೊತ್ತಿರಬೇಕಾದ್ದೂ ಅವರಿಗೇ.

ಹೊಲದಬದು:
ಕೊನೆಯದಾಗಿ, ನಿರ್ಣಯ ಬರೆಸುವಾಗ ಯಾವ ಪದಗಳು ಇರಬೇಕು? "ಕ್ರಮ ವಹಿಸಲು ತೀರ್ಮಾನಿಸಲಾಯಿತು" ಅಂತ ಬರೆದು ಬಿಟ್ಟುಬಿಡ್ತಾರೆ.

ಅರಳಿಕಟ್ಟೆ:
ಆ ವಾಕ್ಯ ಬಂದರೆ ಸಹಿ ಹಾಕಬೇಡಿ. ಬೀದಿದೀಪದ ಉದಾಹರಣೆಯಲ್ಲೇ ಹೇಳುವುದಾದರೆ ಹೀಗಿರಲಿ:

"ವಿಷಯ ಸಂಖ್ಯೆ 4. ಗ್ರಾಮದ ಬೀದಿದೀಪಗಳಿಗೆ ಪ್ರತ್ಯೇಕ ಫೇಸ್ ತಂತಿ ಹಾಗೂ ಟೈಮರ್ ಸ್ವಿಚ್ ಅಳವಡಿಸುವ ಬಗ್ಗೆ ಸಭೆಯಲ್ಲಿ ಚರ್ಚಿಸಿ, ಅಂದಾಜು ಪಟ್ಟಿಯಂತೆ ತಗಲುವ ವೆಚ್ಚವನ್ನು ಸ್ವಂತ ಸಂಪನ್ಮೂಲದ ಬೀದಿದೀಪ ನಿರ್ವಹಣೆ ಶೀರ್ಷಿಕೆಯಡಿ ಭರಿಸಲು, ಎಸ್ಕಾಂಗೆ ಹದಿನೈದು ದಿನದೊಳಗೆ ಪತ್ರ ಬರೆಯಲು ಪಿಡಿಒ ಅವರನ್ನು ಕೋರಲು, ಹಾಗೂ ಪ್ರಗತಿಯನ್ನು ಮುಂದಿನ ಸಾಮಾನ್ಯ ಸಭೆಯ ಮೊದಲ ವಿಷಯವಾಗಿ ಮಂಡಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಸೂಚಕರು, ಅನುಮೋದಕರು..."

ಯಾರು, ಎಷ್ಟರೊಳಗೆ, ಯಾವ ಶೀರ್ಷಿಕೆಯಿಂದ, ಮತ್ತೆ ಯಾವಾಗ ಸಭೆಗೆ, ಈ ನಾಲ್ಕು ಬರಲೇಬೇಕು. ನಿರ್ಣಯ ಪುಸ್ತಕದಲ್ಲಿ ಸಹಿಗೂ ಕೊನೆಯ ಸಾಲಿಗೂ ನಡುವೆ ಖಾಲಿ ಜಾಗ ಬಿಟ್ಟಿದ್ದರೆ ಅಡ್ಡಗೆರೆ ಎಳೆದು ಸಹಿ ಹಾಕಿ. ಸಭೆ ಮುಗಿದ ಮೇಲೆ ಅಲ್ಲಿ ಇನ್ನೊಂದು ವಿಷಯ ಹುಟ್ಟಿಕೊಳ್ಳುವುದುಂಟು. ನಡವಳಿಯ ಪ್ರತಿಯನ್ನು ಆ ವಾರವೇ ಲಿಖಿತವಾಗಿ ಕೇಳಿ ಪಡೆಯಿರಿ, ಅರ್ಜಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಬಿಡಬೇಡಿ.